ಮೊದಲು ನೋಡಿ, ಆಮೇಲೆ ಫೋಟೋ ತೆಗೆಯಿರಿ



ಇಂದು ಹೆಚ್ಚಿನ ಮನೆಗಳಲ್ಲಿ ಮೊಬೈಲ್ ಇದೆ. ಅದರಲ್ಲಿ ಕ್ಯಾಮೆರಾ ಇದೆ. ಮದುವೆಯಿರಲಿ, ಜಾತ್ರೆಯಿರಲಿ, ನೂರಾರು ಫೋಟೋ ತೆಗೆಯುತ್ತೇವೆ. ಒಂದು ತಿಂಗಳ ನಂತರ ಅವುಗಳಲ್ಲಿ ಎಷ್ಟು ನೆನಪಿರುತ್ತವೆ? ಬಹಳ ಕಡಿಮೆ. ಏಕೆಂದರೆ ನಾವು ಸರಿಯಾಗಿ ನೋಡುವ ಮೊದಲೇ ಗುಂಡಿ ಒತ್ತಿಬಿಡುತ್ತೇವೆ. ಒಳ್ಳೆಯ ಫೋಟೋ ತೆಗೆಯಬೇಕಾದರೆ ಮೊದಲು ಗೆರೆ ಮತ್ತು ಆಕಾರಗಳನ್ನು ನೋಡಲು ಕಲಿಯಬೇಕು. ಇದನ್ನು ಚಿತ್ರಕಲೆಯಂತೆ ಶಾಲೆಯಲ್ಲಿಯೇ ಕಲಿಸಬೇಕು ಎಂಬುದು ನನ್ನ ಅಭಿಪ್ರಾಯ.

ಗೆರೆಗಳನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಉಮರ್ಗಾ, ನಿಲಂಗಾ, ಉದಗೀರ ಭಾಗದಲ್ಲಿ ಮಳೆಗಾಲದಲ್ಲಿ ಹೊಲಕ್ಕೆ ಹೋಗಿರಿ. ಕಪ್ಪು ಮಣ್ಣಿನಲ್ಲಿ ಸೋಯಾಬೀನ್ ಮತ್ತು ತೊಗರಿಯ ಹಸಿರು ಸಾಲುಗಳು ಕಾಣುತ್ತವೆ. ಸಾಲಿನ ತುದಿಯಲ್ಲಿ ನಿಂತು ನೋಡಿದರೆ ಸಾಲುಗಳು ದೂರ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ. ಕುಳಿತು ನೋಡಿದರೆ ಮುಂದಿನ ಗಿಡ ದೊಡ್ಡದಾಗಿ, ಹಿಂದಿನ ಗಿಡಗಳು ಚಿಕ್ಕದಾಗಿ ಕಾಣುತ್ತವೆ. ಪಕ್ಕದ ಬದುವಿನ ಮೇಲೆ ನಿಂತರೆ ಅದೇ ಸಾಲುಗಳು ನಿಮ್ಮ ನೋಟುಬುಕ್ಕಿನ ಅಡ್ಡಗೆರೆಗಳಂತೆ ಕಾಣುತ್ತವೆ. ಹೊಲ ಒಂದೇ, ಚಿತ್ರ ಮಾತ್ರ ಮೂರು!

ಇನ್ನು ಮನೆಯೊಳಗೆ ಬನ್ನಿರಿ. ಅಜ್ಜಿ ಹೊಲಿದ ಕೌದಿಯನ್ನು ನೋಡಿರಿ. ಹಳೆಯ ಬಟ್ಟೆಯ ತುಂಡುಗಳು ಚೌಕ ಮತ್ತು ತ್ರಿಕೋನಗಳಾಗಿವೆ. ಅವುಗಳ ಮೇಲೆ ದಾರದ ಹೊಲಿಗೆ ಸಾಲುಸಾಲಾಗಿ ಓಡುತ್ತದೆ. ಊಟದ ತಾಟನ್ನು ಮೇಲಿನಿಂದ ನೋಡಿದರೆ ವೃತ್ತ. ಸ್ವಲ್ಪ ಬಗ್ಗಿ ನೋಡಿದರೆ ಅದು ಮೊಟ್ಟೆಯ ಆಕಾರಕ್ಕೆ ತಿರುಗುತ್ತದೆ. ಕಣ್ಣಿನ ಮಟ್ಟದಲ್ಲಿ ಹಿಡಿದರೆ ಬರೀ ಒಂದು ಗೆರೆ! ನಾವು ಎಲ್ಲಿ ನಿಲ್ಲುತ್ತೇವೆ ಎಂಬುದರ ಮೇಲೆ ವಸ್ತುವಿನ ಆಕಾರ ಬದಲಾಗುತ್ತದೆ. ಛಾಯಾಚಿತ್ರದ ಮೊದಲ ಪಾಠವೇ ಇದು.

ಗಡಿಭಾಗದ ಮಕ್ಕಳಾದ ನಿಮಗೆ ಈ ಪಾಠ ಸ್ವಲ್ಪ ಸುಲಭ ಎಂದು ನನಗೆ ಅನಿಸುತ್ತದೆ. ಏಕೆಂದರೆ ನೀವು ದಿನವೂ ಎರಡು ಲಿಪಿ ಓದುತ್ತೀರಿ. ಮರಾಠಿ ಬರೆಯುವ ದೇವನಾಗರಿ ಲಿಪಿಯಲ್ಲಿ ಮೇಲೆ ಒಂದು ನೇರ ಗೆರೆ ಇರುತ್ತದೆ. ಅಕ್ಷರಗಳು ಹಗ್ಗಕ್ಕೆ ಒಣಹಾಕಿದ ಬಟ್ಟೆಗಳಂತೆ ಅದರಿಂದ ಇಳಿಬಿದ್ದಿರುತ್ತವೆ. ನಮ್ಮ ಕನ್ನಡದ ಅಕ್ಷರಗಳು ದುಂಡಗೆ ಇರುತ್ತವೆ. ಅವುಗಳಲ್ಲಿ ತಲೆಕಟ್ಟು, ಕೊಂಬು, ಸುಳಿ ಕಾಣುತ್ತವೆ. ಎರಡು ಭಾಷೆಗಳಲ್ಲಿ ಬರೆದ ಒಂದು ಫಲಕವನ್ನು ಓದದೆ ಕೇವಲ ನೋಡಿರಿ. ನೇರ ಗೆರೆ ಯಾವುದು, ಬಾಗಿದ ಗೆರೆ ಯಾವುದು ಎಂದು ಕೂಡಲೇ ತಿಳಿಯುತ್ತದೆ.

ನಮ್ಮ ಊರುಗಳ ಹಳೆಯ ಕಟ್ಟಡಗಳೂ ಒಳ್ಳೆಯ ಗುರುಗಳೇ. ನಿಲಂಗಾದ ನೀಲಕಂಠೇಶ್ವರ ದೇವಾಲಯದ ಕಲ್ಲಿನ ಗೋಡೆ ಮೂಲೆ ಮೂಲೆಯಾಗಿ ಮಡಚಿದಂತಿದೆ. ಬೆಳಗಿನ ಓರೆ ಬಿಸಿಲಿನಲ್ಲಿ ಪ್ರತಿ ಮೂಲೆಯೂ ಒಂದು ನೆರಳಿನ ಗೆರೆ ಎಳೆಯುತ್ತದೆ. ನಡು ಮಧ್ಯಾಹ್ನ ಆ ಗೆರೆಗಳು ಮಸುಕಾಗುತ್ತವೆ. 1760ರಲ್ಲಿ ಮರಾಠರಿಗೂ ನಿಜಾಮರಿಗೂ ನಡೆದ ಯುದ್ಧದಿಂದ ಪ್ರಸಿದ್ಧವಾದ ಉದಗೀರಿನಲ್ಲಿ ಕೋಟೆ ಇದೆ. ಅಲ್ಲಿ ದುಂಡಗಿನ ಬುರುಜುಗಳನ್ನೂ ಬಾಗಿದ ಕಮಾನುಗಳನ್ನೂ ನೋಡಬಹುದು.

ದೊಡ್ಡ ಛಾಯಾಗ್ರಾಹಕರೂ ಹೀಗೆಯೇ ನೋಡಿ ಕಲಿತವರು. ರಾಜಾ ದೀನದಯಾಳರು (1844-1905) ರೂರ್ಕಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿತು, ಇಂದೋರಿನಲ್ಲಿ ನಕ್ಷೆ ಬರೆಯುವ ಕೆಲಸ ಮಾಡುತ್ತಿದ್ದರು. ಮುಂದೆ ಹೈದರಾಬಾದಿನ ನಿಜಾಮರ ಛಾಯಾಗ್ರಾಹಕರಾದರು. ನಮ್ಮ ಈ ಭಾಗವೂ ಆಗ ಹೈದರಾಬಾದ್ ಸಂಸ್ಥಾನದಲ್ಲಿಯೇ ಇತ್ತು. ಅಂದು ಗಾಜಿನ ಫಲಕದ ಮೇಲೆ ಫೋಟೋ ತೆಗೆಯುತ್ತಿದ್ದರು. ಒಂದು ಫಲಕಕ್ಕೆ ಒಂದೇ ಚಿತ್ರ. ಆದ್ದರಿಂದ ಚೆನ್ನಾಗಿ ಯೋಚಿಸಿಯೇ ಫೋಟೋ ತೆಗೆಯಬೇಕಾಗಿತ್ತು. ಮೈಸೂರಿನ ಟಿ. ಎಸ್. ಸತ್ಯನ್ (1923-2009) ಅವರು ಸಾಮಾನ್ಯ ಜನರ ದಿನನಿತ್ಯದ ಬದುಕನ್ನು ಫೋಟೋಗಳಲ್ಲಿ ತೋರಿಸಿದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು.

ಇಷ್ಟೆಲ್ಲ ಏಕೆ ಕಲಿಯಬೇಕು ಎಂದು ನೀವು ಕೇಳಬಹುದು. 1993ರ ಸಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಸುತ್ತ ದೊಡ್ಡ ಭೂಕಂಪವಾಯಿತು. ಔಸಾ ಮತ್ತು ಉಮರ್ಗಾ ತಾಲೂಕುಗಳಲ್ಲಿ ಬಹಳ ಹಾನಿಯಾಯಿತು. ಕಲ್ಲು ಮಣ್ಣಿನ ದಪ್ಪ ಗೋಡೆಗಳು ಕುಸಿದು ಸಾವಿರಾರು ಜನರು ತೀರಿಕೊಂಡರು. 50ಕ್ಕೂ ಹೆಚ್ಚು ಹಳ್ಳಿಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಿದರು. ಹೊಸ ಊರುಗಳ ಬೀದಿಗಳು ನೇರ ಮತ್ತು ಅಗಲ. ಹಳೆಯ ಊರುಗಳ ಓಣಿಗಳು ಅಂಕುಡೊಂಕು ಮತ್ತು ಇಕ್ಕಟ್ಟು. ಆ ಓಣಿ ಎಲ್ಲಿ ತಿರುಗುತ್ತಿತ್ತು, ಅಗಸಿಯ ಕಮಾನು ಹೇಗಿತ್ತು ಎಂದು ಈಗ ಮೊಮ್ಮಕ್ಕಳು ಕೇಳಿದರೆ ಹಿರಿಯರು ನೆಲದ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಬೇಕು. ಆಗ ಹಳ್ಳಿಗಳಲ್ಲಿ ಕ್ಯಾಮೆರಾ ಅಪರೂಪ. ಪೇಟೆಗೆ ಹೋಗಿ ಸ್ಟುಡಿಯೋದ ಪರದೆಯ ಮುಂದೆ ತೆಗೆಸಿದ ಫೋಟೋದಲ್ಲಿ ಮನೆಯವರ ಮುಖ ಇರುತ್ತದೆ, ಊರು ಇರುವುದಿಲ್ಲ.

ಇಂದೂ ಹಳೆಯ ಮಾಳಿಗೆ ಮನೆಗಳು ಹೋಗಿ ಸಿಮೆಂಟಿನ ಮನೆಗಳು ಬರುತ್ತಿವೆ. ಅದು ತಪ್ಪಲ್ಲ. ಗಟ್ಟಿಯಾದ ಮನೆ ಎಲ್ಲರಿಗೂ ಬೇಕು. ಆದರೆ ಹಳೆಯದು ಹೋಗುವ ಮೊದಲು ಅದರ ಬಾಗಿಲು, ಕಂಬ, ಕಟ್ಟೆ, ಓಣಿಯ ತಿರುವು ಸ್ಪಷ್ಟವಾಗಿ ಕಾಣುವಂತೆ ಒಂದು ಫೋಟೋ ತೆಗೆದಿಡುವುದು ನಿಮ್ಮಿಂದ ಆಗುವ ಕೆಲಸ.

“ಮಕ್ಕಳ ಕೈಗೆ ಮೊಬೈಲ್ ಕೊಟ್ಟರೆ ಓದು ಹಾಳಾಗುತ್ತದೆ” ಎಂದು ಕೆಲವು ಪಾಲಕರು ಹೇಳುತ್ತಾರೆ. ಅವರ ಚಿಂತೆ ನಿಜವಾದದ್ದು. ಅದಕ್ಕೆ ನನ್ನದೊಂದು ಸಲಹೆ ಇದೆ. ಹಳೆಯ ರಟ್ಟಿನಲ್ಲಿ ಅಂಗೈಯಷ್ಟು ಆಯತಾಕಾರದ ಕಿಂಡಿ ಕತ್ತರಿಸಿರಿ. ಒಂದು ವಾರ ಆ ಕಿಂಡಿಯಿಂದಲೇ ಊರನ್ನು ನೋಡಿರಿ. ಕಿಂಡಿಯೊಳಗೆ ಯಾವ ಗೆರೆ ಬಂತು, ಯಾವ ಆಕಾರ ಹೊರಗೆ ಉಳಿಯಿತು ಎಂದು ನೋಟುಬುಕ್ಕಿನಲ್ಲಿ ಬರೆಯಿರಿ. ಆಮೇಲೆ ಗುರುಗಳ ಅಥವಾ ಪಾಲಕರ ಮೊಬೈಲಿನಿಂದ ಅವರ ಎದುರಿಗೇ ಒಂದೇ ಒಂದು ಫೋಟೋ ತೆಗೆಯಿರಿ. ಹತ್ತು ನಿಮಿಷ ಸಾಕು. ರಸ್ತೆಯ ಮಧ್ಯೆ ನಿಲ್ಲಬೇಡಿರಿ. ಬಾವಿಯ ದಂಡೆ ಮತ್ತು ಕೋಟೆಯ ಗೋಡೆ ಏರಬೇಡಿರಿ. ಯಾರದೇ ಫೋಟೋ ತೆಗೆಯುವ ಮೊದಲು ಅವರನ್ನು ಕೇಳಿರಿ.

ತೆಗೆದ ಫೋಟೋದ ಕೆಳಗೆ ಊರಿನ ಹೆಸರು, ಜಾಗ ಮತ್ತು ದಿನಾಂಕವನ್ನು ದುಂಡಗಿನ ಕನ್ನಡ ಅಕ್ಷರಗಳಲ್ಲಿ ಬರೆದಿಡಿರಿ. ಮುಂದೊಂದು ದಿನ ನಿಮ್ಮ ಶಾಲೆಗೆ ಬರುವ ಮಕ್ಕಳು ಅದನ್ನು ನೋಡಿ, ತಮ್ಮ ಊರು ಹೀಗಿತ್ತು ಎಂದು ತಿಳಿದುಕೊಳ್ಳುತ್ತಾರೆ.

ಸ್ವಾಧ್ಯಾಯ

1. ತಾಟಿನ ಆಕಾರ ಏಕೆ ಬದಲಾಗಿ ಕಾಣುತ್ತದೆ?
2. ಗಾಜಿನ ಫಲಕದ ಕಾಲದಲ್ಲಿ ಯೋಚಿಸಿ ಫೋಟೋ ತೆಗೆಯಬೇಕಾಗಿತ್ತು. ಏಕೆ?
3. ಮಕ್ಕಳಿಗೆ ಶಾಲೆಯಲ್ಲಿ ಫೋಟೋ ತೆಗೆಯಲು ಕಲಿಸಬೇಕೇ? ನಿಮ್ಮ ಅಭಿಪ್ರಾಯವನ್ನು ಕಾರಣಸಹಿತ ಬರೆಯಿರಿ.

ಉಪಕ್ರಮ: ನಿಮ್ಮ ಓಣಿಯಲ್ಲಿ ಕಾಣುವ ಐದು ಗೆರೆಗಳನ್ನೂ ಐದು ಆಕಾರಗಳನ್ನೂ ಗುರುತಿಸಿ, ಅವುಗಳ ಚಿತ್ರ ಬರೆಯಿರಿ.