ಅಪ್ಪನ ಮಚ್ಚಿಗೆ ಗ್ರೈಂಡರ್ ಬೇಡ

ಮೊನ್ನೆ ನಂಜನಗೂಡಿನ ಹತ್ತಿರದ ನಮ್ಮೂರಿಗೆ ಹೋಗಿದ್ದಾಗ ಅಟ್ಟದ ಮೇಲೆ ಅಪ್ಪನ ಮಚ್ಚು ಸಿಕ್ತು. ರಸಬಾಳೆ ಗೊನೆ ಕಡೀತಿದ್ದ ಮಚ್ಚು. ಮಣ್ಣಲ್ಲೇ ಕೂತಿರೋ ಶಿಲೀಂಧ್ರದಿಂದ ಬರೋ ಪನಾಮ ಸೊರಗು ರೋಗಕ್ಕೆ ತೋಟ ಹೋದಮೇಲೆ ಅದನ್ನ ಮುಟ್ಟಿದವರಿಲ್ಲ. ಮೈತುಂಬ ತುಕ್ಕು, ಬಾಯೆಲ್ಲ ಹಲ್ಲು ಹಲ್ಲು.

"ಗ್ರೈಂಡರ್‌ಗೆ ಕೊಡಣ್ಣ, ಎರಡೇ ನಿಮಿಷ" ಅಂದ ತಮ್ಮ. ಇಲ್ಲೇ ನನ್ನ ತಕರಾರು. ಒಣ ಮಿಷಿನ್ನಿಗೆ ಒತ್ತಿ ಹಿಡಿದರೆ ಅಂಚು ಕಾದು ನೀಲಿಗಟ್ಟುತ್ತೆ. ಹಾಗಾಯ್ತು ಅಂದ್ರೆ ಆಚಾರಿ ಕುಲುಮೆಯಲ್ಲಿ ಕಾಸಿ, ಅದ್ದಿ ಕೊಟ್ಟ ಹದ ಹೋಯ್ತು ಅಂತಲೇ ಲೆಕ್ಕ. ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲಲ್ಲ.

ಹುಣಸೆಹುಳಿ ಬಳಿದು ಇಟ್ಟಿಗೆಪುಡಿಯಲ್ಲಿ ಉಜ್ಜಿದೆ. ಟಿ. ನರಸೀಪುರದ ಕಡೆಯ ಆಚಾರಿಯೊಬ್ಬರು "ಬಾಯಿ ತೀರಾ ತೆಳ್ಳಗೆ ಮಾಡ್ಬೇಡ ಕಣಪ್ಪ, ಗಟ್ಟಿ ಮರ ಕಡ್ದಾಗ ಚಕ್ಕೆ ಏಳ್ತದೆ" ಅಂದ್ರು. ಅರ ಹಿಡಿದು ಹಲ್ಲು ತೆಗೆದೆ, ನೀರು ಚಿಮುಕಿಸಿ ಕಲ್ಲಿನ ಮೇಲೆ ಮಸೆದೆ. ಎರಡು ಭಾನುವಾರ ಹಿಡೀತು.

ಹೊಸ ಮಚ್ಚು ಸಂತೇಲಿ ಸಿಗುತ್ತೆ, ನಿಜ. ಆದ್ರೆ ತೋಟವನ್ನಂತೂ ಉಳಿಸಿಕೊಳ್ಳಲಿಲ್ಲ, ಅಪ್ಪನ ಕೈಯ ಮಚ್ಚನ್ನೂ ಎರಡು ನಿಮಿಷದಲ್ಲಿ ಸುಟ್ಟುಬಿಡಬೇಕಾ? ನಿಮ್ಮ ಅಟ್ಟದಲ್ಲೂ ಒಂದಿರಬಹುದು, ನೋಡಿ...