ಓಟದ ಕುದುರೆಗಳೂ ಮದ್ದಿನ ಪರೀಕ್ಷೆಯೂ

ಕಡೂರು ತಾಲ್ಲೂಕಿನ ದೇವನೂರು, ಧರ್ಮರಾಯನ ಯಾಗಾಶ್ವದ ಕಥೆಯನ್ನು ಕಾವ್ಯವಾಗಿಸಿದ ಲಕ್ಷ್ಮೀಶನ ಊರು. ಆ ಕುದುರೆಯನ್ನು ಕಟ್ಟಿದವನು ಪಾಂಡವರ ಸೇನೆಯನ್ನೇ ಎದುರಿಸಬೇಕಾಗಿತ್ತು. ಇಂದು ಕುದುರೆಗೆ ಹಾನಿಕರವಾದ ಮದ್ದು ಹಾಕಿದವನಿಗೆ 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯು ಮೊದಲನೆಯ ತಪ್ಪಿಗೆ ಗೊತ್ತುಪಡಿಸಿದ ದಂಡವು 10ರಿಂದ 50 ರೂಪಾಯಿ!

2017ರಲ್ಲಿ ಬೆಂಗಳೂರು ಟರ್ಫ್ ಕ್ಲಬ್ಬಿನ ಓಟದಲ್ಲಿ ಗೆದ್ದ ಕ್ವೀನ್ ಲತೀಫಾ ಎಂಬ ಕುದುರೆಯ ಪರೀಕ್ಷೆಯಲ್ಲಿ ಪ್ರೊಕೇನ್ ಎಂಬ ನಿಷಿದ್ಧ ಔಷಧವು ಕಂಡುಬಂದು, ವಿಚಾರವು ಕ್ಲಬ್ಬಿನ ಅಂಗಳವನ್ನು ದಾಟಿ ಪೊಲೀಸರವರೆಗೆ ಹೋದುದು ವಾಚಕರಿಗೆ ನೆನಪಿರಬಹುದು. ಪ್ರೊಕೇನು ನೋವನ್ನು ಮರೆಸುವ ಮದ್ದು. ಪೆನಿಸಿಲಿನ್ನಿನೊಡನೆ ಬೆರೆತು ಸಾಧಾರಣ ಚಿಕಿತ್ಸೆಯಲ್ಲಿಯೂ ಬರುತ್ತದೆ. ಆದುದರಿಂದ ಮದ್ದು ಕಂಡಿತೆಂಬಷ್ಟರಿಂದಲೇ ಮೋಸವು ಸಿದ್ಧವಾಗದು. ಯಾರು, ಎಂದು, ಏತಕ್ಕಾಗಿ ಕೊಟ್ಟರೆಂಬ ಲಾಯದ ಲೆಕ್ಕವು ಬೇಕು.

ವಂಚನೆಗೆ ಇದಕ್ಕಿಂತಲೂ ಹೆಚ್ಚಾಗಿ ಎಡೆಗೊಡುವವು ಸ್ಟಿರಾಯ್ಡುಗಳು. ಇವುಗಳಲ್ಲಿ ಒಂದು ಜಾತಿಯು ಕೀಲುಗಳ ಉರಿಯೂತವನ್ನು ಅಡಗಿಸುವುದು. ಪಶುವೈದ್ಯರಿಗೆ ಇದು ನ್ಯಾಯವಾದ ಸಾಧನವೇ ಸರಿ. ಆದರೆ ನೋವರಿಯದ ಕುದುರೆಯು ಬಿರುಕುಬಿಟ್ಟ ಮೂಳೆಯ ಮೇಲೆ ಓಡಿ ಬಿದ್ದರೆ ಅದರೊಡನೆ ಜಾಕಿಯೂ ಬೀಳುವನು. ಇನ್ನೊಂದು ಜಾತಿಯು ಮಾಂಸಖಂಡಗಳನ್ನು ಬೆಳೆಸುವುದು. ಇದನ್ನು ತಿಂಗಳುಗಳ ಮುಂಚೆಯೇ ಕೊಟ್ಟು ನಿಲ್ಲಿಸಿದರೆ, ಓಟದ ದಿನ ಮೂತ್ರದಲ್ಲಿ ಮದ್ದಿನ ಸುಳಿವು ಸಿಕ್ಕದೆ ಹೋಗಬಹುದು. ಗಳಿಸಿದ ಬಲ ಮಾತ್ರ ಉಳಿದಿರುವುದು. ಗೆದ್ದ ಕುದುರೆಯನ್ನು ಗೆದ್ದ ದಿನ ಪರೀಕ್ಷಿಸಿ ತೃಪ್ತರಾಗುವುದು, ಕಳ್ಳನು ಊರು ಬಿಟ್ಟ ಮೇಲೆ ಹಿತ್ತಿಲನ್ನು ಶೋಧಿಸಿದಂತೆ. ಇಂಗ್ಲೆಂಡಿನಲ್ಲಿ 2013ರಲ್ಲಿ ದುಬೈ ದೊರೆಯ ಗೊಡಾಲ್ಫಿನ್ ಲಾಯದಲ್ಲಿ ಸ್ಟಿರಾಯ್ಡುಗಳು ಪತ್ತೆಯಾದುದು ಅಧಿಕಾರಿಗಳು ಲಾಯಕ್ಕೇ ಹೋಗಿ ಮಾದರಿ ತೆಗೆದುದರಿಂದ. ತರಬೇತುದಾರನಿಗೆ 8 ವರ್ಷಗಳ ಬಹಿಷ್ಕಾರವಾಯಿತು. 2015ರಲ್ಲಿ ಅಲ್ಲಿ ಇಂತಹ ಮದ್ದು ಪಡೆದ ಕುದುರೆಯನ್ನು 14 ತಿಂಗಳು ಓಟದಿಂದ ದೂರವಿಡುವ ನಿಯಮವೂ ಬಂದಿತು. ಪರದೇಶದವರು ಬಿಟ್ಟುಹೋದ ಜೂಜನ್ನು ಇಟ್ಟುಕೊಂಡ ನಾವು ಅವರ ಎಚ್ಚರವನ್ನು ಮಾತ್ರ ಬೇಡವೆನ್ನುವುದು ಸ್ವಾತಂತ್ರ್ಯದ ಲಕ್ಷಣವಲ್ಲ.

ಸರಕಾರದವರಿಗೂ ಇದು ಪರರ ಮನೆಯ ಮಾತಲ್ಲ. 1952ರ ಮೈಸೂರು ಕಾಯಿದೆಯ ಮೇರೆಗೆ ಪಂದ್ಯದ ಮೈದಾನಕ್ಕೆ ಲೈಸೆನ್ಸು ಕೊಡುವವರು ಅವರೇ. ಪಣದ ಮೇಲೆ 2025ರ ಸೆಪ್ಟೆಂಬರಿನಲ್ಲಿ ನೂರಕ್ಕೆ 40ರ ತೆರಿಗೆಯು ಗೊತ್ತಾಯಿತು. ಕುದುರೆಯ ಪಂದ್ಯವು ಬರಿಯ ಅದೃಷ್ಟವಲ್ಲ, ಕೌಶಲದ ಆಟವೆಂದು 1996ರಲ್ಲಿ ಸುಪ್ರೀಂ ಕೋರ್ಟು ಇತ್ತ ತೀರ್ಪು ಈ ವ್ಯವಹಾರಕ್ಕೆ ದೊಡ್ಡ ಆಧಾರ. ವಂಶಾವಳಿಯನ್ನೂ ಹಿಂದಿನ ಓಟಗಳನ್ನೂ ಅಭ್ಯಾಸಮಾಡಿ ಸಂಬಳದ ಹಣ ಕಟ್ಟಿದ ಗುಮಾಸ್ತನ ಕೌಶಲವು ಮದ್ದು ಹೊಕ್ಕ ಕುದುರೆಯ ಮುಂದೆ ಏನಾದೀತು?

ಕ್ಲಬ್ಬುಗಳ ಸ್ವಂತ ನಿಯಮಗಳು ಏನೇ ಇರಲಿ, ಮುನ್ಸೂಚನೆಯಿಲ್ಲದೆ ಲಾಯಗಳಲ್ಲಿ ಪರೀಕ್ಷೆ ನಡೆಸುವುದು, ಪ್ರತಿಯೊಂದು ಕುದುರೆಗೂ ಔಷಧದ ದಾಖಲೆಯಿಡುವುದು, ಫಲಿತಾಂಶವನ್ನು ನಿಯತಕಾಲದೊಳಗೆ ಪ್ರಕಟಿಸುವುದು, ಇವೆಲ್ಲವೂ ಲೈಸೆನ್ಸಿನ ಷರತ್ತುಗಳಲ್ಲಿಯೇ ಸೇರತಕ್ಕದ್ದು. ಕೂದಲಿನ ಪರೀಕ್ಷೆಯು ತಿಂಗಳುಗಳ ಹಿಂದಿನ ಮದ್ದನ್ನೂ ತೋರಿಸಬಲ್ಲುದಾದ್ದರಿಂದ ಅದನ್ನೂ ಕೈಕೊಳ್ಳಬಹುದು. ವೆಚ್ಚವನ್ನು ಪಣದ ಹಣದಿಂದಲೇ ಭರಿಸಲಿ. ಕಡೂರಿನ ರೈತನ ಕಂದಾಯದಿಂದ ಬೇಡ.