ಮಹಡಿ ಬಾಡಿಗೆ: ಯಾವ ಬಿಲ್ಲಿಗೆ ಬೆಲೆ?

ಮಕ್ಕಳ ಓದಿನ ಖರ್ಚು ಏರಿದಂತೆ ಮನೆಯ ಮಹಡಿಯನ್ನು ಬಾಡಿಗೆಗೆ ಕೊಡುವ ಕುಟುಂಬಗಳು ಅನೇಕ. ಸುಣ್ಣಬಣ್ಣ, ನಲ್ಲಿ ರಿಪೇರಿಯ ಬಿಲ್ಲುಗಳನ್ನು ಯಜಮಾನರು ಜೋಪಾನವಾಗಿ ಎತ್ತಿಡುತ್ತಾರೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಅವಕ್ಕೆ ಬೆಲೆಯಿಲ್ಲ. ರಿಪೇರಿ ಮಾಡಿಸಿದರೂ ಬಿಟ್ಟರೂ ಸಿಗುವ ಕಡಿತ ಶೇ. 30 ಮಾತ್ರ.

ಎತ್ತಿಡಬೇಕಾದ ಕಾಗದಗಳು ಬೇರೆ: ಮನೆ ಕಂದಾಯದ ರಸೀದಿ, ಗೃಹಸಾಲದ ಬಡ್ಡಿಯ ಪ್ರಮಾಣಪತ್ರ. ಕಂದಾಯವನ್ನು ಮಾಲೀಕರೇ ಕಟ್ಟಿರಬೇಕು. ಮಾರ್ಚ್ 31 ದಾಟಿ ಕಟ್ಟಿದ್ದು ಆ ವರ್ಷದ ಲೆಕ್ಕಕ್ಕೆ ಬಾರದು.

ಮನೆಯಲ್ಲಿ ಬಿ.ಕಾಂ. ಓದುವವರಿದ್ದರೆ ಈ ಲೆಕ್ಕವನ್ನು ಅವರಿಗೇ ಒಪ್ಪಿಸಬಹುದು. ಮನೆಯ ಮೂರನೇ ಒಂದು ಭಾಗಕ್ಕೆ ತಿಂಗಳಿಗೆ 8,000 ರೂ. ಬಾಡಿಗೆ ಎನ್ನೋಣ, ವರ್ಷಕ್ಕೆ 96,000. ಇಡೀ ಮನೆಗೆ ಕಟ್ಟಿದ ಕಂದಾಯ 6,000, ಬಾಡಿಗೆ ಭಾಗದ ಪಾಲು 2,000. ಅದನ್ನು ಕಳೆದರೆ 94,000. ಇದರಲ್ಲಿ ಶೇ. 30, ಅಂದರೆ 28,200 ಕಳೆದರೆ 65,800. ಸಾಲದ ವರ್ಷದ ಬಡ್ಡಿ 1,20,000 ಆಗಿದ್ದರೆ ಅದರ ಮೂರನೇ ಒಂದು ಪಾಲು 40,000 ಸಹ ಕಳೆಯಬಹುದು. ಉಳಿದ 25,800 ರೂ. ಮಾತ್ರ ಆದಾಯಕ್ಕೆ ಸೇರುತ್ತದೆ.

ತಾವೇ ವಾಸವಿರುವ ಭಾಗದ 80,000 ಬಡ್ಡಿಗೆ ಕಡಿತ ಸಿಗುವುದು ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಮಾತ್ರ, ಅದೂ 2 ಲಕ್ಷದ ಮಿತಿಯೊಳಗೆ. ಇದನ್ನು ಮರೆಯುವವರೇ ಹೆಚ್ಚು.

ವಿದ್ಯಾರ್ಥಿಗಳನ್ನು ಊಟ-ತಿಂಡಿ ಸಮೇತ ಪೇಯಿಂಗ್ ಗೆಸ್ಟ್ ಆಗಿ ಇಟ್ಟುಕೊಂಡರೆ ಮಾತೇ ಬೇರೆ. ಇಲಾಖೆ ಅದನ್ನು ವ್ಯಾಪಾರದ ಆದಾಯವೆಂದು ಪರಿಗಣಿಸಬಹುದು. ಆಗ ಶೇ. 30ರ ಸೌಲಭ್ಯವಿಲ್ಲ, ಅಕ್ಕಿ, ಬೇಳೆ, ಗ್ಯಾಸಿನ ಬಿಲ್ಲುಗಳನ್ನೇ ತೋರಿಸಬೇಕು.